ಲೈಫ್ ಜಾಕೆಟ್ ಮತ್ತು ಎಂಟು ಕಿಲೋ ಕಲ್ಲು: 9ನೇ ತರಗತಿಯ ಎರಡು ವಿಜ್ಞಾನ ಪಾಠಗಳ ಅನುಭವ

ಬೋಧನಾಭ್ಯಾಸಕ್ಕೆ ನನಗೆ ಹಂಚಿಕೆಯಾದದ್ದು ಉಡುಪಿ ಜಿಲ್ಲೆಯಲ್ಲಿ ಸೀತಾ ಹೊಳೆಗೆ ಹತ್ತಿರವಿರುವ ಒಂದು ಪ್ರೌಢಶಾಲೆ. ನಾನು ಚಳ್ಳಕೆರೆ ಕಡೆಯವಳು. ನಮ್ಮೂರ ಕೆರೆ ತುಂಬಿದ್ದನ್ನು ನೋಡಿದ ವರ್ಷಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮೊದಲ ಪಾಠದಲ್ಲಿ ನಾನು ಮಾಡಿದ ತಪ್ಪು ಅಲ್ಲಿಂದಲೇ ಶುರುವಾಯಿತು.

ಪಾಠ ಚಲನೆಯ ಮೂರನೇ ನಿಯಮದ್ದು. ಪಾಠಯೋಜನೆಯಲ್ಲಿ ಐದೂ ಹಂತಗಳು ಅಚ್ಚುಕಟ್ಟಾಗಿದ್ದವು. ಬಲೂನಿಗೆ ಸ್ಟ್ರಾ ಅಂಟಿಸಿ ದಾರದ ಮೇಲೆ ಓಡಿಸಿದೆ, ಮಕ್ಕಳು ಖುಷಿಪಟ್ಟರು. ಅನಂತರ ಚಾರ್ಟು ತೂಗುಹಾಕಿದೆ. ಒಂದು ದೋಣಿ, ದಡಕ್ಕೆ ಹಾರುತ್ತಿರುವ ಒಬ್ಬ ಮನುಷ್ಯ, ವಿರುದ್ಧ ದಿಕ್ಕಿಗೆ ಎರಡು ಬಾಣ. ಎರಡು ರಾತ್ರಿ ಕೂತು ಬಣ್ಣ ತುಂಬಿದ್ದ ಚಾರ್ಟು ಅದು. "ದೋಣಿ ಹಿಂದಕ್ಕೆ ಏಕೆ ಹೋಗುತ್ತದೆ?" ಎಂದು ಕೇಳಿದೆ. ಮೊದಲ ಬೆಂಚಿನ ಇಬ್ಬರು ಕೈಯೆತ್ತಿದರು. ಸರಿಯುತ್ತರ ಬಂತು. ಅದನ್ನು ಕಪ್ಪುಹಲಗೆಯ ಮೇಲೆ ಬರೆದು ಮುಂದಿನ ಹಂತಕ್ಕೆ ಹೋದೆ. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಚಾರ್ಟನ್ನು ನೋಡಿ ಪಕ್ಕದವನಿಗೆ ಏನೋ ಹೇಳಿ ನಕ್ಕ. "ಏನದು, ಎಲ್ಲರಿಗೂ ಹೇಳು" ಎಂದೆ. ಎದ್ದು ನಿಂತು, "ಎಂತ ಇಲ್ಲೆ ಟೀಚರೇ" ಎಂದ. ಗಮನವಿಟ್ಟು ಕೇಳು ಎಂದು ಗದರಿ ಕೂರಿಸಿದೆ.

ಮೇಲ್ವಿಚಾರಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು ಎರಡೇ ಸಾಲು: "ಪಾಠ ಸಮಯಕ್ಕೆ ಸರಿಯಾಗಿ ಮುಗಿದಿದೆ. ಮಕ್ಕಳು ಎಲ್ಲಿಯವರೆಗೆ ಬಂದರು ಎಂಬುದು ತಿಳಿಯಲಿಲ್ಲ." ನನಗೆ ನಿಜಕ್ಕೂ ಸಿಟ್ಟು ಬಂತು. ಬಲೂನು, ಚಾರ್ಟು, ಸರಿಯುತ್ತರ ಎಲ್ಲ ಇದ್ದೂ ಇನ್ನೇನು ಬೇಕಿತ್ತು ಎಂದು ಸಹಪಾಠಿಗಳ ಮುಂದೆ ಗೊಣಗಿದೆ. ಆದರೆ "ಎಲ್ಲಿಯವರೆಗೆ ಬಂದರು" ಎಂಬ ಮಾತನ್ನು ಅದಕ್ಕೂ ಮೊದಲು ಬೇರೆಲ್ಲೋ ಕೇಳಿದ್ದೆ ಎಂಬುದು ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಕೇಳಿದ್ದು ಕೊಡಚಾದ್ರಿಯ ದಾರಿಯಲ್ಲಿ. ಆ ಹೊತ್ತಿಗೆ ನಾನು ಊರಿನ ಒಂದು ಚಾರಣ ಬಳಗಕ್ಕೆ ಸೇರಿ ಎರಡು ತಿಂಗಳಾಗಿತ್ತು. ಹಾಸ್ಟೆಲ್ಲಿನ ಭಾನುವಾರಗಳು ಬೇಸರವಾಗಿ ಸೇರಿದ್ದು, ಬೇರೆ ಘನವಾದ ಕಾರಣವೇನೂ ಇಲ್ಲ. ಬಳಗದಲ್ಲಿ ಬ್ಯಾಂಕಿನವರು, ಒಬ್ಬ ಆಟೋ ಚಾಲಕರು, ಇಬ್ಬರು ನರ್ಸ್ ಅಕ್ಕಂದಿರು, ಕಾಲೇಜು ಹುಡುಗರು ಇದ್ದಾರೆ. ನಡೆಸುವವರು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು. ಎಲ್ಲರಿಗೂ ಅವರು ಮೇಷ್ಟ್ರು. ಅಕ್ಟೋಬರ್ ಕೊನೆಯಲ್ಲಿ ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಕೊಡಚಾದ್ರಿ ಹತ್ತಿದೆವು. ಬೆಟ್ಟದ ಎತ್ತರ 1,343 ಮೀಟರ್. ಜೀಪಿನ ದಾರಿ ಬೇರೆ ಇದೆ. ಈ ದಾರಿ ನೀರಿನ ಪಕ್ಕದಲ್ಲೇ ಕಲ್ಲು, ಬೇರು ಹಿಡಿದು ಏರುವಂಥದ್ದು. ಮಳೆಗಾಲ ಮುಗಿದರೂ ಉಂಬಳ ಮುಗಿದಿರಲಿಲ್ಲ. ಚಿತ್ರದುರ್ಗದ ಬಂಡೆಗಳನ್ನು ಹತ್ತಿ ಬೆಳೆದವಳೆಂಬ ಜಂಬದಲ್ಲಿ ಹೊರಟಿದ್ದ ನಾನು, ಪಾಚಿಗಟ್ಟಿದ ಕಲ್ಲಿನ ಮೇಲೆ ಎರಡು ಸಲ ಜಾರಿದ ಮೇಲೆ, ಎಲ್ಲರಿಗಿಂತ ಕೊನೆಯವಳಾದೆ.

ಬಳಗದ ನಿಯಮಗಳು ಕೆಲವೇ. ಮುಂದಾಳನ್ನು ಯಾರೂ ದಾಟಬಾರದು. ಕೊನೆಗೆ ಒಬ್ಬರು ಅನುಭವಿಗಳು ಇರುತ್ತಾರೆ, ಅವರಿಗಿಂತ ಯಾರೂ ಹಿಂದೆ ಉಳಿಯಬಾರದು. ದಾರಿ ಕವಲೊಡೆದಲ್ಲಿ ಕೊನೆಯವರು ಕಣ್ಣಿಗೆ ಬೀಳುವವರೆಗೆ ನಿಲ್ಲಬೇಕು. ಇವೆಲ್ಲ ಎಲ್ಲ ಚಾರಣದವರೂ ಪಾಲಿಸುವಂಥವು. ಮೇಷ್ಟ್ರದು ಇನ್ನೊಂದು ಇತ್ತು. ಸಾಮಾನ್ಯವಾಗಿ ಏನಾಗುತ್ತದೆ ಎಂದರೆ, ಮುಂದಿನವರು ಒಂದು ಕಡೆ ಕೂತು ಹತ್ತು ನಿಮಿಷ ದಣಿವಾರಿಸಿಕೊಳ್ಳುತ್ತಾರೆ. ಕೊನೆಯವರು ಏದುಸಿರು ಬಿಡುತ್ತ ಬಂದ ಕೂಡಲೇ "ಬಂದ್ರಲ್ಲ, ಹೊರಡೋಣ" ಎಂದು ಏಳುತ್ತಾರೆ. ಯಾರಿಗೆ ವಿಶ್ರಾಂತಿ ಹೆಚ್ಚು ಬೇಕೋ ಅವರಿಗೇ ಅದು ಸಿಗುವುದಿಲ್ಲ. ಅಂದು ಮೂರನೇ ನಿಲುಗಡೆಯಲ್ಲಿ ಕಾಲೇಜು ಹುಡುಗರು ಹಾಗೆಯೇ ಎದ್ದರು. ಮೇಷ್ಟ್ರು, "ಕೂತ್ಕೊಳ್ರಪ್ಪ. ಆ ಹುಡುಗಿ ಕೂತು ನೀರು ಕುಡಿದ ಮೇಲೆ ವಿಶ್ರಾಂತಿ ಶುರು. ಈಗಷ್ಟೇ ಅಲ್ವಾ ನಾವೆಲ್ಲ ಇಲ್ಲಿಯವರೆಗೆ ಬಂದದ್ದು?" ಎಂದರು. ನಾನು ಕೂತೆ, ನೀರು ಕುಡಿದೆ, ಕಾಲ್ಚೀಲ ಬಿಚ್ಚಿ ಉಂಬಳಕ್ಕೆ ಉಪ್ಪು ಹಾಕಿದೆ. ಆಮೇಲೆ ಗಡಿಯಾರ ನೋಡಿ ಹತ್ತು ನಿಮಿಷ. ಮೇಲೆ ಹುಲ್ಲುಗಾವಲು ತೆರೆದುಕೊಂಡಾಗ ನಾನೂ ಗುಂಪಿನ ನಡುವೆಯೇ ಇದ್ದೆ.

ಮೊದಲ ಬೆಂಚಿನ ಉತ್ತರ ಬಂದ ಕೂಡಲೇ ಹಲಗೆ ಒರೆಸಿ ಮುಂದೆ ಹೋದ ನನ್ನ ಪಾಠಕ್ಕೂ ಇದಕ್ಕೂ ಇರುವ ನಂಟು ನನಗೆ ತಕ್ಷಣ ಹೊಳೆಯಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅದಕ್ಕೆ ನಾನು ಹೊಳೆಗೆ ಬೀಳಬೇಕಾಯಿತು.

ಮೂರನೇ ನಿಯಮದ ಪಾಠ ಮಾಡಿದ ವಾರದ ಭಾನುವಾರ ಬಳಗದವರು ಸೀತಾ ಹೊಳೆಯ ಹಿನ್ನೀರಿನಲ್ಲಿ ಕಯಾಕ್ ನಡೆಸಲು ಹೊರಟರು. ಕಾಂಡ್ಲಾ ಗಿಡಗಳ ನಡುವೆ ಕಿರಿದಾದ ಕಾಲುವೆಗಳಲ್ಲಿ ಹೋಗುವ ದಾರಿ. ಮುಂದೆ ಕೋಡಿ ಬೆಂಗ್ರೆಯಲ್ಲಿ ಸುವರ್ಣಾ, ಸೀತಾ ಎರಡೂ ಸಮುದ್ರ ಸೇರುತ್ತವೆ. ಆದ್ದರಿಂದ ಇಲ್ಲಿಯ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಪ್ರತಿದಿನ ಆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮೇಷ್ಟ್ರು ಹೊರಡುವ ಸಮಯವನ್ನು ಉಬ್ಬರ ನೋಡಿಯೇ ಇಟ್ಟಿದ್ದರು: ಏರುವ ನೀರಿನ ಜೊತೆ ಮೇಲಕ್ಕೆ, ಇಳಿಯುವ ನೀರಿನ ಜೊತೆ ವಾಪಸು. ನನಗೆ ಸಿಕ್ಕಿದ್ದು ಇಬ್ಬರು ಕೂರುವ ಕಯಾಕ್. ಹಿಂದೆ ನರ್ಸ್ ಅಕ್ಕ, ಮುಂದೆ ನಾನು. ಮುಂದಿನವರು ಹುಟ್ಟಿನ ಲಯ ಹಿಡಿಯಬೇಕು, ಹಿಂದಿನವರು ಅದನ್ನು ನೋಡಿ ಹಾಕುತ್ತ ದಿಕ್ಕು ತಿದ್ದಬೇಕು. ನಾನು ಗಾಬರಿಯಲ್ಲಿ ಬಲಗಡೆಗೇ ಜೋರಾಗಿ ಹಾಕುತ್ತಿದ್ದೆ. ಕಯಾಕ್ ಎಡಕ್ಕೆ ತಿರುಗಿ ತಿರುಗಿ ಕಾಂಡ್ಲಾ ಬೇರಿಗೆ ಹೋಗಿ ಮೂಗು ತೂರಿಸುತ್ತಿತ್ತು. "ಟೀಚರಮ್ಮ, ಎರಡೂ ಕಡೆ ಸಮ ಹಾಕಿ" ಎಂದು ಅಕ್ಕ ನಕ್ಕರು. ಅರ್ಧ ಗಂಟೆಯ ಹೊತ್ತಿಗೆ ನೇರ ಹೋಗುವಷ್ಟು ಕಲಿತೆ. ಆ ಬೆಳಗಿನ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು, ಆದರೆ ಈ ಪತ್ರಿಕೆಗೆ ಅದು ಬೇಡ.

ವಾಪಸು ಬಂದು ಕಲ್ಲುಕಟ್ಟೆಯ ಪಕ್ಕ ನಿಲ್ಲಿಸಿದೆವು. ನೀರು ಇಳಿದಿದ್ದರಿಂದ ಕಟ್ಟೆ ಬೆಳಿಗ್ಗೆಗಿಂತ ಎತ್ತರದಲ್ಲಿತ್ತು. ಮೇಷ್ಟ್ರು ಬಂದು ಹಿಡಿಯುವವರೆಗೆ ಕಾಯದೆ ನಾನು ಎದ್ದು ನಿಂತು ಕಟ್ಟೆಯ ಕಡೆಗೆ ದೊಡ್ಡ ಹೆಜ್ಜೆ ಇಟ್ಟೆ. ಕಯಾಕ್ ಹಿಂದಕ್ಕೆ ಜಾರಿತು. ಒಂದು ಕಾಲು ಕಟ್ಟೆಯ ಅಂಚಿಗೆ ತಾಗಿತು, ಇನ್ನೊಂದು ಎಲ್ಲಿತ್ತೋ ಗೊತ್ತಿಲ್ಲ. ಎದೆಮಟ್ಟದ ನೀರು, ಕೆಳಗೆ ಕೆಸರು. ತಲೆ ಮುಳುಗಿದ್ದು ಒಂದೆರಡು ಕ್ಷಣ ಮಾತ್ರ. ಜಾಕೆಟ್ ಮೇಲಕ್ಕೆತ್ತಿತು, ನಾನು ಬಕ್ಕಲ್ ಸಡಿಲ ಬಿಟ್ಟಿದ್ದರಿಂದ ಅದು ಕಿವಿಯವರೆಗೂ ಬಂದು ಕೂತಿತ್ತು. ಕೆಮ್ಮುತ್ತಾ ಕಟ್ಟೆ ಹಿಡಿದು ನಿಂತಾಗ ನನಗೆ ಕಂಡದ್ದು ನನ್ನದೇ ಚಾರ್ಟು. ದೋಣಿ, ಹಾರುವ ಮನುಷ್ಯ, ಎರಡು ಬಾಣ.

ಸೋಮವಾರ ತರಗತಿಯಲ್ಲಿ ಮರೆಮಾಚದೆ ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಗು ಇಳಿದ ಮೇಲೆ ಕೊನೆಯ ಬೆಂಚಿನ ಆ ಹುಡುಗನ ಹತ್ತಿರ ಹೋಗಿ, "ಅವತ್ತು ಚಾರ್ಟು ನೋಡಿ ಏನೋ ಹೇಳಿದೆಯಲ್ಲ, ಅದೇನು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಗ್ಗ ಕಟ್ದೆ ಯಾರ್ ಹಾರ್ತ್ರ್ ಅಂದೆ ಟೀಚರೇ" ಎಂದ.

ಅವರದು ಮೀನುಗಾರರ ಮನೆ. ತಂದೆಯ ಜೊತೆ ಸಣ್ಣ ದೋಣಿಯಲ್ಲಿ ಹೊಳೆಗೆ ಹೋಗುವ ಹುಡುಗ. ಅವನ ಪ್ರಕಾರ ನನ್ನ ಚಾರ್ಟಿನ ಮನುಷ್ಯ ದಡ್ಡ. ಮೊದಲು ಹಗ್ಗ ಕಟ್ಟಬೇಕು, ಇಲ್ಲವೇ ಒಂದು ಕೈಯಲ್ಲಿ ಕಂಬ ಹಿಡಿದಿರಬೇಕು, ಬಗ್ಗಿಕೊಂಡೇ ಕಾಲಿಡಬೇಕು, ಹಾರಬಾರದು. ಜೊತೆಗೆ, ದೊಡ್ಡ ಬೋಟಿನಿಂದ ಇಳಿದರೆ ಅದು ಹಿಂದೆ ಸರಿದದ್ದು ಗೊತ್ತೇ ಆಗುವುದಿಲ್ಲ, ಸಣ್ಣದರಲ್ಲಿ ಮಾತ್ರ ಕಷ್ಟ ಎಂದ. ನಾನು ಹಲಗೆಗೆ ಹೋಗಿ ಅವನ ಮಾತನ್ನೇ ಲೆಕ್ಕ ಮಾಡಿದೆ. ನನ್ನ ತೂಕ 54 ಕೆಜಿ. ಕಯಾಕ್ ಮತ್ತು ಅದರಲ್ಲಿ ಕೂತಿದ್ದ ಅಕ್ಕ ಸೇರಿ ಸುಮಾರು 90 ಕೆಜಿ ಎಂದಿಟ್ಟುಕೊಳ್ಳೋಣ. ನಾನು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಮುಂದೆ ಹೋದರೆ ಕಯಾಕ್ 0.6 ಮೀಟರ್ ವೇಗದಲ್ಲಿ ಹಿಂದೆ ಹೋಗಬೇಕು. ಅದೇ ದೋಣಿ 5,400 ಕೆಜಿ ಇದ್ದರೆ? ಸೆಕೆಂಡಿಗೆ ಒಂದೇ ಸೆಂಟಿಮೀಟರ್. ಹುಡುಗ ಹೇಳಿದ್ದು ಸರಿ. ಹಿಂದಿನ ವಾರ ಮುಗಿಸಿದ್ದೇನೆ ಎಂದುಕೊಂಡಿದ್ದ ಪಾಠ ಅಂದು ಇಪ್ಪತ್ತು ನಿಮಿಷ ನಡೆಯಿತು.

ಇಲ್ಲಿ ಒಂದು ಮಾತು. ಆ ಹುಡುಗ ಮೊದಲ ದಿನ ಬಾಯಿಬಿಡದಿದ್ದುದಕ್ಕೆ ನನ್ನ ಗದರಿಕೆಯೊಂದೇ ಕಾರಣವಲ್ಲ. ಈ ಮಕ್ಕಳ ಮನೆಮಾತು ಕುಂದಾಪುರ ಕಡೆಯ ಕನ್ನಡ. ತರಗತಿಯಲ್ಲಿ ಪುಸ್ತಕದ ಕನ್ನಡದಲ್ಲೇ ಉತ್ತರಿಸಬೇಕೆಂದು ಅವರು ತಾವೇ ತೀರ್ಮಾನಿಸಿಕೊಂಡಿರುತ್ತಾರೆ. ಹೊಳೆಯ ವಿಷಯ ಬಾಯಿಗೆ ಬರುವುದು ಮನೆಮಾತಿನಲ್ಲಿ, ಟೀಚರಿಗೆ ಅದು ಅರ್ಥವಾಗುವುದಿಲ್ಲ, ನಾಲ್ವರು ನಗುತ್ತಾರೆ. ಅದಕ್ಕಿಂತ "ಎಂತ ಇಲ್ಲೆ" ಎಂದು ಕೂರುವುದು ಸುಲಭ. ಅಂದಿನಿಂದ ನಾನು, "ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೇ ಹೇಳಿ, ಪುಸ್ತಕದ ಮಾತಿಗೆ ಆಮೇಲೆ ಇಬ್ಬರೂ ಸೇರಿ ತರೋಣ" ಎನ್ನತೊಡಗಿದೆ.

ಎರಡನೇ ಪಾಠ: ಪ್ಲವನತೆ

ಮುಂದಿನ ಘಟಕ ಗುರುತ್ವಾಕರ್ಷಣೆ, ಅದರೊಳಗೆ ಪ್ಲವನತೆ. ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸುವುದು ಎಲ್ಲ ಪ್ರಶಿಕ್ಷಣಾರ್ಥಿಗಳೂ ಮಾಡುವಂಥದ್ದು, ಅದನ್ನು ಬಿಟ್ಟೆ. ಬಳಗದಿಂದ ನನ್ನನ್ನು ಎತ್ತಿದ ಅದೇ ಲೈಫ್ ಜಾಕೆಟ್ಟನ್ನು ಕೇಳಿ ತಂದು ಮೇಜಿನ ಮೇಲೆ ಇಟ್ಟೆ. ಮಕ್ಕಳನ್ನು ಹೊಳೆಗೇ ಕರೆದೊಯ್ಯಬೇಕೆಂಬ ಆಸೆ ಇತ್ತು. ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ. ಪಾಲಕರ ಪತ್ರ, ಇಲಾಖೆಯ ಅನುಮತಿ, ಜೊತೆಗೆ ಈಜು ಬಾರದ ಟೀಚರು. ಅವರು ಹೇಳಿದ್ದು ಸರಿ ಎಂದೇ ಈಗಲೂ ಅನಿಸುತ್ತದೆ. ಶಾಲೆಯ ನೀರಿನ ತೊಟ್ಟಿ ಬಳಸಲು ಅನುಮತಿ ಸಿಕ್ಕಿತು.

ಜಾಕೆಟ್ಟಿನ ಒಳಪಟ್ಟಿಯಲ್ಲಿ 90 ಕೆಜಿ ತೂಕದವರವರೆಗೆ ಎಂದು ಬರೆದಿತ್ತು. ದೊಡ್ಡವರು ತೊಡುವ ಇಂಥ ಜಾಕೆಟ್ಟುಗಳಿಗೆ ಕನಿಷ್ಠ 50 ನ್ಯೂಟನ್ ಎತ್ತುವ ಶಕ್ತಿ ಇರಬೇಕು ಎಂದು ನಾನು ಹೇಳಿದೆ. 50 ನ್ಯೂಟನ್ ಎಂದರೆ ಸುಮಾರು 5 ಕೆಜಿ ತೂಕ. ಅಂದರೆ ಜಾಕೆಟ್ ತನ್ನ ತೂಕಕ್ಕಿಂತ 5 ಲೀಟರ್ ನೀರಿನಷ್ಟು ಹೆಚ್ಚು ಸ್ಥಾನಪಲ್ಲಟ ಮಾಡಿದರೆ ಸಾಕು. ಹೇಳಿ ಮುಗಿಸುವ ಮೊದಲೇ ನಡುಬೆಂಚಿನ ಹುಡುಗಿಯೊಬ್ಬಳು ಎದ್ದಳು: "ಐದು ಕೆಜಿ ಎತ್ತುವುದು ತೊಂಬತ್ತು ಕೆಜಿಯವರನ್ನು ಹೇಗೆ ಎತ್ತುತ್ತದೆ ಟೀಚರ್?"

ಪಾಠಯೋಜನೆಯಲ್ಲಿ ಈ ಪ್ರಶ್ನೆಯನ್ನು ನಾನೇ ಕೇಳುವುದೆಂದು ಬರೆದುಕೊಂಡಿದ್ದೆ. ಅವಳೇ ಕೇಳಿದ್ದು ಒಳ್ಳೆಯದಾಯಿತು. ಉತ್ತರ ಹೇಳಲಿಲ್ಲ. ಅರ್ಧ ಲೀಟರಿನ ಬಾಟಲಿಗೆ ಪೂರ್ತಿ ನೀರು ತುಂಬಿ, ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ಕೊನೆಯ ಬೆಂಚಿನವರ ಕೈಗೆ ಕೊಟ್ಟೆ. ಗಾಳಿಯಲ್ಲಿ 5 ನ್ಯೂಟನ್. ಬಕೆಟ್ಟಿನ ನೀರಿಗೆ ಪೂರ್ತಿ ಇಳಿಸಿದಾಗ ಮುಳ್ಳು ಸೊನ್ನೆಯ ಹತ್ತಿರ ಬಂತು. "ಈಗ ಬಾಟಲಿಯ ಹತ್ತರಲ್ಲಿ ಒಂದು ಭಾಗ ಮಾತ್ರ ನೀರಿನಿಂದ ಹೊರಗೆ ಬರುವಂತೆ ಎತ್ತಿ" ಎಂದೆ. ಮುಳ್ಳು ಅರ್ಧ ನ್ಯೂಟನ್ನಿನ ಬಳಿ ನಿಂತಿತು. ಎಷ್ಟು ಭಾಗ ನೀರಿನ ಹೊರಗಿದೆಯೋ ಅಷ್ಟರ ತೂಕವನ್ನು ಮಾತ್ರ ನಾವು ಎತ್ತಬೇಕು. ನಮ್ಮ ದೇಹದ ಸಾಂದ್ರತೆಯೂ ಹೆಚ್ಚುಕಡಿಮೆ ನೀರಿನದ್ದೇ; ಉಸಿರು ತುಂಬಿಕೊಂಡರೆ ತುಸು ಕಡಿಮೆ, ಬಿಟ್ಟರೆ ತುಸು ಹೆಚ್ಚು. ಜಾಕೆಟ್ ಎತ್ತಬೇಕಾದದ್ದು ಇಡೀ ಮನುಷ್ಯನನ್ನಲ್ಲ. ಮೂಗು, ಬಾಯಿ ಇರುವ ತಲೆಯನ್ನು; ತಲೆ 4–5 ಕೆಜಿ. ಆ ಹುಡುಗಿ ತನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿಕೊಂಡಳು.

ಈ ಸಲ ಮುಂದಿನ ಹಂತಕ್ಕೆ ಹೋಗುವ ಮೊದಲು ಮೇಷ್ಟ್ರ ನಿಯಮ ಪಾಲಿಸಿದೆ. ತಕ್ಕಡಿ ಮೊದಲು ಹಿಂದಿನ ಬೆಂಚಿಗೆ ಹೋಗಿ, ಅಲ್ಲಿಂದ ಮುಂದಕ್ಕೆ ಬರಬೇಕು. ಎಲ್ಲ ಗುಂಪುಗಳೂ ಮುಳ್ಳು ಓದಿ ಬರೆದುಕೊಳ್ಳುವವರೆಗೆ ಉತ್ತರವನ್ನು ಯಾರೂ ಕೂಗಬಾರದು. ಮೊದಲ ಬೆಂಚಿನವರಿಗೆ ಇದು ಹಿಂಸೆಯಾಯಿತು. ಅವರಿಗೆ ಬೇರೆ ಕೆಲಸ ಕೊಡಬೇಕಿತ್ತು ಎಂಬುದು ಈಗ ಹೊಳೆಯುತ್ತದೆ. ನಲವತ್ತು ನಿಮಿಷದಲ್ಲಿ ಅರ್ಧ ಪಾಠವೂ ಆಗಲಿಲ್ಲ. ಮಾರ್ಗದರ್ಶಕ ಶಿಕ್ಷಕಿ ತಮ್ಮ ಮರುದಿನದ ಅವಧಿಯನ್ನೂ ಬಿಟ್ಟುಕೊಟ್ಟರು.

ಅವಧಿಯ ಕೊನೆಗೆ, "ನಿಮ್ಮ ಮನೆಗಳಲ್ಲಿ ಹೊಳೆಗೆ, ಕಡಲಿಗೆ ಹೋಗುವವರು ಜಾಕೆಟ್ ಹಾಕುತ್ತಾರಾ?" ಎಂದು ಕೇಳಿದೆ. ಕೊನೆಯ ಬೆಂಚಿನ ಹುಡುಗ, "ಅಪ್ಪಯ್ಯ ಹಾಕುದಿಲ್ಲೆ" ಎಂದ. ಏಕೆ ಎಂದರೆ ಸೆಕೆ, ಬಲೆ ಎಳೆಯುವಾಗ ಅಡ್ಡ, ಮತ್ತೆ ಜಾಕೆಟ್ ಹಳೆಯದು, ದೋಣಿಯಲ್ಲಿ ಅದರ ಮೇಲೆ ಕೂತುಕೊಳ್ಳುತ್ತಾರೆ. ತರಗತಿ ನಕ್ಕಿತು. ಅವನು ನಗಲಿಲ್ಲ. "ಅದ್ ಈಗ್ಲೂ ಎತ್ತತ್ತಾ ಟೀಚರೇ?" ಎಂದು ಕೇಳಿದ.

ಇದಕ್ಕೆ ಪಾಠಯೋಜನೆಯಲ್ಲಿ ಉತ್ತರ ಇರಲಿಲ್ಲ. "ತಾ, ನೋಡೋಣ" ಎಂದೆ.

ಮರುದಿನ ಮಕ್ಕಳು ಮನೆಗಳಿಂದ ನಾಲ್ಕು ಜಾಕೆಟ್ ತಂದರು. ಅವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ತನ್ನಿ ಎಂದು ಹೇಳಿದ್ದೆ, ಏಕೆಂದರೆ ಒಳಗಿನ ಫೋಮ್ ಹಳತಾಗಿದ್ದರೆ ನೀರು ಹೀರುತ್ತದೆ. ಪರೀಕ್ಷೆಗೆ ಕಲ್ಲು. ಮೀನು ತೂಗುವ ಕೊಕ್ಕೆ ತಕ್ಕಡಿ ಒಬ್ಬಳ ಮನೆಯಿಂದ ಬಂತು. ಕರಿಕಲ್ಲಿನ ತುಂಡುಗಳನ್ನು ಬಲೆಚೀಲಕ್ಕೆ ಹಾಕಿ ಗಾಳಿಯಲ್ಲಿ 8 ಕೆಜಿ ಮಾಡಿದೆವು. ಅದೇ ಚೀಲವನ್ನು ತೊಟ್ಟಿಯಲ್ಲಿ ಮುಳುಗಿಸಿ ತೂಗಿದಾಗ 5 ಕೆಜಿ. ಕಳೆದ 3 ಕೆಜಿ ಎಲ್ಲಿ ಹೋಯಿತು ಎಂಬುದೇ ಆರ್ಕಿಮಿಡೀಸ್ ತತ್ವ. ಕಲ್ಲಿನ ಸಾಂದ್ರತೆಯನ್ನೂ ಅದರಿಂದಲೇ ಲೆಕ್ಕ ಹಾಕಿದರು, ನೀರಿನ 2.7 ಪಟ್ಟು ಬಂತು. ಆ ಚೀಲವನ್ನು ಜಾಕೆಟ್ಟಿಗೆ ಕಟ್ಟಿ ತೊಟ್ಟಿಗೆ ಬಿಟ್ಟರೆ, 50 ನ್ಯೂಟನ್ ಶಕ್ತಿ ಇರುವ ಜಾಕೆಟ್ ಅದನ್ನು ಹಿಡಿದು ನಿಲ್ಲಿಸಬೇಕು. ಅದಕ್ಕಿಂತ ಕಡಿಮೆ ಇದ್ದರೆ ಮುಳುಗಬೇಕು.

ಬಳಗದ ಜಾಕೆಟ್ 8 ಕೆಜಿ ಕಲ್ಲನ್ನು ಸಲೀಸಾಗಿ ಹೊತ್ತಿತು. ಮನೆಗಳಿಂದ ಬಂದವುಗಳಲ್ಲಿ ಎರಡು ತೇಲಿದವು, ಒಂದು ನೀರಿನ ಮಟ್ಟದಲ್ಲಿ ಮುಳುಗಲೋ ಬೇಡವೋ ಎಂಬಂತೆ ನಿಂತಿತು. ಆ ಹುಡುಗ ತಂದ ಜಾಕೆಟ್ ನೇರ ತಳಕ್ಕೆ ಹೋಯಿತು. ಯಾರೂ ಮಾತಾಡಲಿಲ್ಲ. ಅವನೇ ಅದನ್ನು ಎಳೆದು, ಕಲ್ಲು ಒಂದೊಂದಾಗಿ ತೆಗೆದು ಮತ್ತೆ ಮತ್ತೆ ಬಿಟ್ಟ. ಗಾಳಿಯಲ್ಲಿ 5 ಕೆಜಿ ಇದ್ದಾಗಲೂ ಮುಳುಗಿತು. 4 ಕೆಜಿಗೆ ತೇಲಿತು. ನೀರಿನಲ್ಲಿ 4 ಕೆಜಿ ಕಲ್ಲು ಎಂದರೆ ಎರಡೂವರೆ ಕೆಜಿ, ಅಂದರೆ ಸುಮಾರು 25 ನ್ಯೂಟನ್. ಲೆಕ್ಕವನ್ನೂ ಅವನೇ ಹಲಗೆಯ ಮೇಲೆ ಮಾಡಿದ. ತೊಟ್ಟಿಯಲ್ಲಿ ಕಲ್ಲು ಕಟ್ಟಿ ಮಾಡಿದ್ದು ಶಾಲೆಯ ಪ್ರಯೋಗ, ತೇಲಿತು ಎಂದ ಮಾತ್ರಕ್ಕೆ ಆ ಜಾಕೆಟ್ ಕಡಲಿಗೆ ಸುರಕ್ಷಿತ ಎಂದು ಅರ್ಥವಲ್ಲ ಎಂಬುದನ್ನು ಎರಡೆರಡು ಸಲ ಹೇಳಿದೆ. ಮುಳುಗಿದ್ದರ ಬಗ್ಗೆ ಹೇಳುವ ಅಗತ್ಯ ಬೀಳಲಿಲ್ಲ.

ವೀಕ್ಷಣೆಗೆ ಬಂದಿದ್ದ ಸಹಪಾಠಿ ಒಂದು ಕೊರತೆ ತೋರಿಸಿದಳು. ಎರಡೂ ದಿನ ಕಲ್ಲು ಎತ್ತಿದ್ದು, ಜಾಕೆಟ್ ಕಟ್ಟಿದ್ದು ಹುಡುಗರು, ಬರೆದುಕೊಂಡದ್ದು ಹುಡುಗಿಯರು. ನಾನು ಹಾಗೆ ಹಂಚಿರಲಿಲ್ಲ, ತಾನಾಗಿ ಹಾಗಾಯಿತು. ಹಾಗಾಗಲು ಬಿಟ್ಟದ್ದು ನಾನೇ. ಮೀನಿನ ತಕ್ಕಡಿಯನ್ನು ದಿನವೂ ಹಿಡಿಯುವ ತಾಯಂದಿರ ಮಕ್ಕಳು ಅವರು! ಘಟಕ ಪರೀಕ್ಷೆಯ ಮುಂಚಿನ ಪುನರಾವರ್ತನೆಯಲ್ಲಿ ಅದಲುಬದಲು ಮಾಡಿದೆ. ಮೊದಲ ದಿನ ಪ್ರಶ್ನೆ ಕೇಳಿದ ಹುಡುಗಿ ಕೊಕ್ಕೆ ತಕ್ಕಡಿ ಹಿಡಿದು, ಉಪ್ಪುನೀರಿನಲ್ಲಿ ಆದರೆ ಎಷ್ಟು ಬರುತ್ತದೆ ಎಂದು ಕೇಳಿದಳು. ಕಡಲ ನೀರಿನ ಸಾಂದ್ರತೆ ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಮಾತ್ರ ಹೆಚ್ಚು. ಆ ತಕ್ಕಡಿಯಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಎರಡು ಕೊಡ ಕಡಲ ನೀರು ತರುತ್ತೇನೆ ಎಂದಳು.

ನನ್ನ ಬೋಧನಾಭ್ಯಾಸ ಮುಗಿದ ದಿನ ಕೊನೆಯ ಬೆಂಚಿನ ಹುಡುಗನನ್ನು ಜಾಕೆಟ್ ಏನಾಯಿತು ಎಂದು ಕೇಳಿದೆ. ಲೆಕ್ಕ ಬರೆದ ಹಾಳೆಯನ್ನು ಅಪ್ಪಯ್ಯನಿಗೆ ತೋರಿಸಿದನಂತೆ. ಅವರು ಮೊದಲು ಬೈದರಂತೆ, ಆಮೇಲೆ ಹಾಳೆಯನ್ನು ಇಟ್ಟುಕೊಂಡರಂತೆ. ಹೊಸದು ಇನ್ನೂ ಬಂದಿಲ್ಲ. ಹಳೆಯದನ್ನು ದೋಣಿಯಲ್ಲಿ ಕೂರಲು ಬಳಸುತ್ತಲೇ ಇದ್ದಾರೆ, ಆದರೆ ಮಗನನ್ನು ಕರೆದೊಯ್ಯುವಾಗ ಪಕ್ಕದ ಮನೆಯಿಂದ ಒಂದು ಜಾಕೆಟ್ ಕೇಳಿ ತರುತ್ತಾರಂತೆ, ನಮ್ಮ ತೊಟ್ಟಿಯಲ್ಲಿ ತೇಲಿದ ಎರಡರಲ್ಲಿ ಒಂದನ್ನು.

ಮುಂದಿನ ತಂಡದಲ್ಲಿ ಇದೇ ಶಾಲೆಗೆ ಹೋಗುವವರು ಗಮನಿಸಿ: 8 ಕೆಜಿ ಕಲ್ಲಿನ ಬಲೆಚೀಲ ಪ್ರಯೋಗಾಲಯದ ಮೂಲೆಯಲ್ಲಿದೆ, ಮೇಲೆ ಚೀಟಿ ಅಂಟಿಸಿದ್ದೇನೆ. ಕೊಕ್ಕೆ ತಕ್ಕಡಿ ಮಾತ್ರ ಮಕ್ಕಳನ್ನು ಕೇಳಿ ತರಿಸಿಕೊಳ್ಳಬೇಕು. ಬೆಳಿಗ್ಗೆ ಮೀನು ಮಾರಿ ಮುಗಿಯುವವರೆಗೆ ಅದು ಸಿಗುವುದಿಲ್ಲ.